ಹರಿಗೋಲಿನ ಮರ್ಯಾದೆ

ಕಲಬುರಗಿಯ ಸೀಮೆಯವರಿಗೆ ಹೊಳೆಯೆಂದರೆ ಎರಡೇ ಅವಸ್ಥೆ. ಬೇಸಗೆಯಲ್ಲಿ ಪಾದ ತೋಯದ ಮರಳು. ಮಳೆಗಾಲದಲ್ಲಿ ಸೇತುವೆಯ ಮೇಲೆ ಹಾಯುವ ಪ್ರವಾಹ. ಇವೆರಡರ ನಡುವೆ, ಸಂಜೆಯ ಹೊತ್ತು ದೋಣಿಯಲ್ಲಿ ಕುಳಿತು ಸಾವಕಾಶವಾಗಿ ವಿಹರಿಸಬಹುದಾದ ವಿಸ್ತಾರದ ನೀರೆಂಬುದು ನಮ್ಮ ಹಿರಿಯರಿಗೆ ಅಪರೂಪವಾಗಿತ್ತು. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ ಇಂಥ ಹೊಳೆಯೊಂದರ ಸೀಮೆಯ ಊರು. ಬೀದರ ಜಿಲ್ಲೆಯಲ್ಲಿ ಹುಟ್ಟಿದ ಮುಲ್ಲಾಮಾರಿ ಈ ಕಡೆ ಹರಿದು ಬಂದು ಮುಂದೆ ಕಾಗಿಣೆಯನ್ನು ಕೂಡುತ್ತದೆ. ಕಾಗಿಣೆ ಸೇಡಂ, ಮಳಖೇಡ, ಚಿತ್ತಾಪುರಗಳ ಸೀಮೆಯನ್ನು ಹಾದು ಶಹಾಬಾದಿನ ಕಡೆ ಭೀಮೆಯ ಪಾಲಾಗುತ್ತದೆ. ಭೀಮೆ ಕೃಷ್ಣೆಯ ಪಾಲಾಗುತ್ತದೆ.

ಈಗ ಕಾಲ ಬದಲಾಗಿದೆ. ಮುಲ್ಲಾಮಾರಿಗೆ ನಾಗರಾಳದ ಬಳಿ ಅಣೆಕಟ್ಟು ಬಂದಿದೆ; ಅದರ ಉಪನದಿಯೊಂದಕ್ಕೆ ಚಂದ್ರಂಪಳ್ಳಿಯಲ್ಲಿ ಇನ್ನೊಂದು. ಸುತ್ತಲಿನ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ರಜೆ ಬಂದರೆ ಕಲಬುರಗಿ, ಶಹಾಬಾದ, ವಾಡಿಗಳಿಂದ ಬುತ್ತಿ ಕಟ್ಟಿಕೊಂಡು ಜನ ಈ ನೀರಿನ ದಡಕ್ಕೆ ಬರುತ್ತಾರೆ. ಬಿಸಿಲುನಾಡಿನವನು ನೀರು ಕಂಡಲ್ಲಿ ದೋಣಿಯನ್ನು ಅರಸುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ದೋಣಿಯನ್ನು ಹತ್ತುವುದು ಬಸ್ಸನ್ನು ಹತ್ತುವ ಹಾಗೆ. ಕೂರುವುದು ಕಲ್ಲುಕಟ್ಟೆಯ ಮೇಲೆ ಕೂರುವ ಹಾಗೆ. ಅಂಬಿಗನೊಡನೆ ಮಾತಾಡುವುದು ಬಾಡಿಗೆಯ ಆಳಿನೊಡನೆ ಮಾತಾಡುವ ಹಾಗೆ. ನೀರಿನ ಮೇಲಿನ ನಡವಳಿಕೆಯೇ ಬೇರೆಯೆಂಬ ಅರಿವು ನಮ್ಮಲ್ಲಿ ಮರೆಯಾಗಿದೆ. ಈ ಅರಿವು ನಮ್ಮ ನಾಡಿಗೆ ಹೊಸದಲ್ಲ, ಹೊರಗಿನಿಂದ ಕಲಿತು ತರಬೇಕಾದದ್ದೂ ಅಲ್ಲ. ಒಂದು ಕಾಲದಲ್ಲಿ ಇಲ್ಲಿ ಅದು ಚೆನ್ನಾಗಿ ತಿಳಿದಿದ್ದ ವಿದ್ಯೆ. ಅದು ಹೇಗೆ ಬಂದಿತ್ತು, ಹೇಗೆ ಹೋಯಿತು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ಪ್ರಾಚೀನರ ಬದುಕಿನಲ್ಲಿ ನೀರಿಗೆ ಸಂಬಂಧಿಸಿದ ಎರಡು ಪರಂಪರೆಗಳು ಅಕ್ಕಪಕ್ಕದಲ್ಲೇ ಹರಿದು ಬಂದಿವೆ. ಒಂದು ಅರಮನೆಯದು, ಇನ್ನೊಂದು ಹೊಳೆದಂಡೆಯದು. ಅರಮನೆಯ ಪರಂಪರೆಗೆ ಜಲಕ್ರೀಡೆಯೆಂದು ಹೆಸರು. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಇರಬೇಕೆಂದು ಹೇಳುವ ಲಾಕ್ಷಣಿಕರು ಅವುಗಳಲ್ಲಿ ಜಲಕ್ರೀಡೆಯನ್ನೂ ಸೇರಿಸಿದರು. ಹಾಗಾಗಿ ಕಥೆಗೆ ಬೇಕಿರಲಿ, ಬೇಡದಿರಲಿ, ನಮ್ಮ ಚಂಪೂಕವಿಗಳ ನಾಯಕರು ಒಂದಲ್ಲ ಒಂದು ಆಶ್ವಾಸದಲ್ಲಿ ಪರಿವಾರದೊಡನೆ ಕೊಳಕ್ಕೆ ಇಳಿಯಲೇಬೇಕು. ಕಾಗಿಣೆಯ ದಡದ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಿಂದಲೂ ಕಾವ್ಯದ ಈ ಸಂಪ್ರದಾಯ ಈ ನೆಲಕ್ಕೆ ಪರಿಚಿತವಾದದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಂತೂ ಅರಸರ ವಿನೋದಗಳಿಗೂ ಕ್ರೀಡೆಗಳಿಗೂ ದೊಡ್ಡ ಭಾಗವೇ ಮೀಸಲು. ನೀರಾಟವೂ ಅಲ್ಲಿದೆ, ಮೀನು ಹಿಡಿಯುವ ವಿನೋದವೂ ಅಲ್ಲಿದೆ.

ಈ ಕಾವ್ಯಗಳ ಜಲಕ್ರೀಡೆಯಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಅಲ್ಲಿ ಯಾರೂ ಮುಳುಗುವುದಿಲ್ಲ. ಕೊಳದ ಆಳ ನೋಡಿದವರಾರು, ದಡದಲ್ಲಿ ಕಾದು ನಿಂತವರಾರು ಎಂಬುದನ್ನು ಕವಿ ಹೇಳುವುದಿಲ್ಲ. ತಾವರೆ ಉಂಟು, ದುಂಬಿ ಉಂಟು, ಚಿಮ್ಮುವ ಹನಿಗಳುಂಟು, ಅಂಬಿಗನಿಲ್ಲ. ಕವಿಗೆ ಅದು ಬೇಕಿರಲಿಲ್ಲವೆಂದು ಸುಮ್ಮನಿರಬಹುದು. ಆದರೆ ಅರಸನ ವಿನೋದವನ್ನು ಇಂದು ಸಾಮಾನ್ಯ ಜನರಾದ ನಾವು ಅನುಭವಿಸುವಾಗ, ಕಾವ್ಯ ಬಿಟ್ಟುಬಿಟ್ಟದ್ದನ್ನು ನಾವೂ ಬಿಟ್ಟರೆ ಬದುಕು ಕಾವ್ಯದಂತೆ ಮುಗಿಯುವುದಿಲ್ಲ.

ಇನ್ನೊಂದು ಪರಂಪರೆ ಹೊಳೆದಂಡೆಯದು. ಸೋಮೇಶ್ವರನು ಆಳಿದ 12ನೆಯ ಶತಮಾನದಲ್ಲೇ ಒಬ್ಬ ಅಂಬಿಗನು ಹುಟ್ಟನ್ನು ಹಿಡಿದ ಕೈಯಿಂದಲೇ ವಚನಕಾರನೂ ಆದ. ತುಂಗಭದ್ರೆಯ ದಡದ ಚೌಡದಾನಪುರದವನೆಂದು ಹೇಳಲಾಗುವ ಅಂಬಿಗರ ಚೌಡಯ್ಯನ ಹೆಸರು ಕೇಳದ ಕನ್ನಡಿಗನಿಲ್ಲ. ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ ದಿಟ್ಟ ಆತ. ಕಸುಬನ್ನು ಮುಚ್ಚಿಡದೆ ಅಂಕಿತದಲ್ಲೇ ಸಾರಿದ. ಮುಂದೆ ಹರಿದಾಸರು ದೇಹವನ್ನು ತೂತುಬಿದ್ದ ಹರಿಗೋಲಿಗೂ ದೇವರನ್ನು ಅಂಬಿಗನಿಗೂ ಹೋಲಿಸಿ ಹಾಡಿದರು. ಈ ಹೋಲಿಕೆ ಎಲ್ಲರಿಗೂ ಕೂಡಲೆ ತಿಳಿಯಬೇಕಾದರೆ, ಹರಿಗೋಲಿನಲ್ಲಿ ಕುಳಿತ ಮನುಷ್ಯನ ಅಸಹಾಯಕತೆಯೂ, ಅಂಬಿಗನ ಮೇಲೆ ಇಡಬೇಕಾದ ನಂಬಿಕೆಯೂ ಕೇಳುವವರಿಗೆ ಸ್ವಂತ ಅನುಭವವಾಗಿರಬೇಕು. ಆಗ ಹಾಗೆಯೇ ಇತ್ತು. ಮದುವೆಗೆ, ಸಂತೆಗೆ, ಜಾತ್ರೆಗೆ, ಹೆರಿಗೆಗೆ ತವರಿಗೆ ಹೋಗಬೇಕಾದವರು ಹೊಳೆ ದಾಟಲೇಬೇಕಾಗಿತ್ತು. ದಾಟಿಸುವವನು ಅಂಬಿಗನೊಬ್ಬನೇ.

ಆ ಅಂಬಿಗನ ನಾವೆ ಎಂಥದು? ಉತ್ತರ ಕರ್ನಾಟಕದ ಹೊಳೆಗಳಲ್ಲಿ ಹೆಚ್ಚಾಗಿ ಅದು ಉದ್ದದ ದೋಣಿಯಲ್ಲ; ದುಂಡನೆಯ ಹರಿಗೋಲು. ಕೆಲವೆಡೆ ತೆಪ್ಪವೆನ್ನುತ್ತಾರೆ, ತೆಲುಗು ಗಡಿಯ ಕಡೆ ಪುಟ್ಟಿ ಎಂಬ ಮಾತೂ ಉಂಟು. ಬಿದಿರಿನಿಂದ ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದರೆ ಹರಿಗೋಲಾಯಿತು. ಚರ್ಮದ ಜಾಗಕ್ಕೆ ಮುಂದೆ ಡಾಂಬರು ಬಳಿದ ಬಟ್ಟೆಯೂ ಪ್ಲಾಸ್ಟಿಕ್ ಹಾಳೆಯೂ ಬಂದವು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಈ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ. ಅವು ನೆಟ್ಟಗೆ ಸಾಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವರದಿಯ ಸಾರ.

ಇಂಥ ನಾವೆ ನಮ್ಮಲ್ಲಿ ಮಾತ್ರ ಇತ್ತೆಂದು ಹೆಮ್ಮೆಪಡಬೇಕಾಗಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ಹೊಳೆಯಲ್ಲಿ ತೊಗಲು ಹೊದಿಸಿದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಅಲ್ಲಿಯ ವರ್ತಕರು ಸರಕಿನೊಡನೆ ಒಂದು ಕತ್ತೆಯನ್ನೂ ದೋಣಿಗೆ ಹತ್ತಿಸಿಕೊಂಡು ಹೊಳೆಯಿಳಿದು ಬಂದು, ಊರು ಸೇರಿದ ಮೇಲೆ ದೋಣಿಯ ಹಂದರವನ್ನು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ಹಿಂದಿರುಗುತ್ತಿದ್ದರಂತೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿಯೂ ಇದರ ದಾಯಾದಿಯುಂಟು. ಜಗತ್ತಿನ ನಾವೆಗಳನ್ನು ಅಭ್ಯಾಸ ಮಾಡಿದ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸ 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳನ್ನು ಕುರಿತೇ ಲೇಖನ ಬರೆದ.

ಕಲಬುರಗಿಯ ಇತಿಹಾಸದಲ್ಲೂ ಹರಿಗೋಲಿಗೆ ಒಂದು ಸ್ಥಾನವಿದೆ. ಇಲ್ಲಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ ಪಟ್ಟಕ್ಕೆ ಬಂದದ್ದು 1397ರಲ್ಲಿ. ಮರುವರ್ಷದ ಸುಮಾರಿಗೆ ವಿಜಯನಗರದೊಡನೆ ಯುದ್ಧ ಹೊತ್ತಿತು. ತುಂಬಿದ ಕೃಷ್ಣೆಯ ಆಚೆಗೆ ರಾಯರ ಸೈನ್ಯ, ಈಚೆಗೆ ಸುಲ್ತಾನನ ಸೈನ್ಯ. ಬಿಜಾಪುರದಲ್ಲಿದ್ದು ಚರಿತ್ರೆ ಬರೆದ ಫೆರಿಷ್ತಾ ಹೇಳುವ ಪ್ರಕಾರ, ಖಾಜಿ ಸಿರಾಜನೆಂಬವನು ವೇಷ ಮರೆಸಿಕೊಂಡು ಆಚೆಯ ಪಾಳೆಯವನ್ನು ಸೇರಿ, ನರ್ತಕಿಯರ ಮೇಳದೊಡನೆ ರಾಯನ ಮಗನ ಎದುರು ಆಟವಾಡುತ್ತ ಅವನನ್ನು ಇರಿದು ಕೊಂದ. ಆ ಕತ್ತಲೆ, ಗದ್ದಲಗಳ ನಡುವೆ, ಮೊದಲೇ ಸಿದ್ಧವಾಗಿದ್ದ ತೊಗಲಿನ ಬುಟ್ಟಿದೋಣಿಗಳಲ್ಲಿ ಸುಲ್ತಾನನ ಸಾವಿರಾರು ಯೋಧರು ಹೊಳೆ ದಾಟಿದರು. ಇದೇ ಫಿರೋಜ್ ಷಾ ಭೀಮೆಯ ದಡದಲ್ಲಿ ತನ್ನ ಹೆಸರಿನಲ್ಲೇ ಫಿರೋಜಾಬಾದ್ ಎಂಬ ಅರಮನೆಯ ಪಟ್ಟಣವನ್ನೂ ಕಟ್ಟಿಸಿದ. ಅದರ ಗೋಡೆಗಳನ್ನು ಇಂದಿಗೂ ಕಾಣಬಹುದು. ನಾಲ್ಕು ಶತಮಾನಗಳ ಮೇಲೆ, 1803ರಲ್ಲಿ, ಮರಾಠರ ಮೇಲೆ ನಡೆದ ಆಂಗ್ಲ ಸೇನಾಪತಿ ಆರ್ಥರ್ ವೆಲ್ಲೆಸ್ಲಿಯೂ ನಮ್ಮ ಹೊಳೆಗಳನ್ನು ದಾಟಲು ಬುಟ್ಟಿದೋಣಿಗಳನ್ನೇ ನೆಚ್ಚಿದ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಈತನೇ.

ರಾಜರು ಸೈನ್ಯ ದಾಟಿಸಿದ್ದು ಇತಿಹಾಸಕ್ಕೆ ಬಂತು. ಅಂಬಿಗ ದಿನವೂ ಊರನ್ನು ದಾಟಿಸಿದ್ದು ಬರಲಿಲ್ಲ. ಆದರೆ ವಿದ್ಯೆ ಇದ್ದದ್ದು ಅಂಬಿಗನ ಬಳಿ. ಹರಿಗೋಲಿಗೆ ಮೂತಿಯಿಲ್ಲ, ಹಿಂಬದಿಯಿಲ್ಲ, ನೀರನ್ನು ಸೀಳಿ ನಿಲ್ಲಿಸುವ ಅಡಿಗಂಬವಿಲ್ಲ. ಆದ್ದರಿಂದಲೇ ಅದು ಸುತ್ತುತ್ತದೆ. ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ ತನ್ನ ಕಡೆಗೆ ನೀರನ್ನು ಸೆಳೆದು ಸೆಳೆದು ಅದನ್ನು ಮುಂದುವರಿಸಬೇಕು. ಹೊಳೆಯ ಸೆಳೆತ ಕೆಳಕ್ಕೆ ಒಯ್ಯುವುದನ್ನು ಬಲ್ಲವನಾದ್ದರಿಂದ, ಸೇರಬೇಕಾದ ದಡದ ಎದುರಿನಿಂದ ಹೊರಡದೆ ಬಹಳ ಮೇಲಿನಿಂದ ಹೊರಡುತ್ತಾನೆ. ಅದಕ್ಕಾಗಿ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ದಡದಗುಂಟ ಮೇಲಕ್ಕೆ ನಡೆಯುವ ಅಂಬಿಗನನ್ನು ದೂರದಿಂದ ನೋಡಿದರೆ ಆಮೆಯೊಂದು ಎದ್ದು ನಡೆಯುತ್ತಿರುವಂತೆ ತೋರುತ್ತದೆ.

ಹತ್ತಿದವರಿಗೆ ಅವನ ಮೊದಲ ಮಾತು ಒಂದೇ: “ಕುಂದರ್ರಿ, ಎದ್ದು ನಿಂದರಬ್ಯಾಡ್ರಿ.” ಈ ಮಾತಿನ ಹಿಂದೆ ಪದಾರ್ಥ ವಿಜ್ಞಾನದ ಒಂದು ಅಧ್ಯಾಯವೇ ಇದೆ. ಕುಳಿತವರ ಭಾರ ತಳಕ್ಕೆ ಹತ್ತಿರವಿದ್ದಷ್ಟೂ ನಾವೆ ಸ್ಥಿರ. ಒಬ್ಬ ಎದ್ದರೆ ಭಾರದ ಕೇಂದ್ರ ಮೇಲಕ್ಕೇರುತ್ತದೆ. ಸ್ವಲ್ಪ ವಾಲಿದರೂ ಅದು ಹಿಂದಿರುಗಿ ನಿಲ್ಲುವ ಶಕ್ತಿ ಕುಂದುತ್ತದೆ. ನಾಲ್ವರು ಒಂದೇ ಬದಿಗೆ ಸರಿದರೆ ಅಂಚು ನೀರಿಗೆ ತಾಗುತ್ತದೆ. ಒಳಗೆ ಬಂದ ನೀರು ನೆಟ್ಟಗೆ ನಿಲ್ಲದೆ ತಗ್ಗಿದ ಬದಿಗೇ ಓಡಿ, ತಗ್ಗಿದ್ದನ್ನು ಇನ್ನಷ್ಟು ತಗ್ಗಿಸುತ್ತದೆ. ಆ ಮೇಲೆ ಏನು ಮಾಡಬೇಕೆಂದು ಯೋಚಿಸುವುದಕ್ಕೆ ಕಾಲವಿರುವುದಿಲ್ಲ. ಅಂಬಿಗ ಪುಸ್ತಕ ಓದಿದವನಲ್ಲ. ಆದರೆ ಮಕ್ಕಳನ್ನು ನಡುವೆ ಕೂರಿಸು, ಗಂಟುಮೂಟೆಯನ್ನು ತಳದಲ್ಲಿಡು, ಇಷ್ಟು ಜನ ಸಾಕು ಉಳಿದವರು ಮರುಸರದಿಗೆ ಬನ್ನಿ ಎನ್ನುವಾಗ ಅವನು ಈ ವಿಜ್ಞಾನವನ್ನೇ ನುಡಿಯುತ್ತಿದ್ದ. ಜಮೀನುದಾರನಾಗಲಿ, ಪಟೇಲನಾಗಲಿ, ನೀರಿನ ಮೇಲೆ ಇರುವಷ್ಟು ಹೊತ್ತು ಈ ಮಾತನ್ನು ಕೇಳಬೇಕು. ದಡದ ಮೇಲೆ ಕಬ್ಬಲಿಗನೆಂದೋ ಬೆಸ್ತನೆಂದೋ ದೂರ ನಿಲ್ಲಿಸಲ್ಪಟ್ಟವನು ಹೊಳೆಯ ನಡುವೆ ಎಲ್ಲರಿಗೂ ಒಡೆಯ. ನಮ್ಮ ಸಮಾಜದಲ್ಲಿ ಹೆಚ್ಚು ಕಡಮೆಗಳ ಲೆಕ್ಕ ತಪ್ಪಿಹೋಗುತ್ತಿದ್ದ ಕೆಲವೇ ಜಾಗಗಳಲ್ಲಿ ಹರಿಗೋಲೂ ಒಂದು.

ಇಷ್ಟನ್ನೂ ಕೇವಲ ರೂಢಿಗೆ ಬಿಟ್ಟಿರಲಿಲ್ಲ. ಶಾಸ್ತ್ರಕಾರರು ಕಟ್ಟಳೆಯನ್ನೂ ಮಾಡಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವೆಂಬ ಗ್ರಂಥ ಶತಮಾನಗಳ ಕಾಲ ಹೆಸರಷ್ಟೇ ಉಳಿದು ಮರೆಯಾಗಿದ್ದದ್ದು, ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳ ಕೈಯಿಂದ 1909ರಲ್ಲಿ ಅಚ್ಚಾಗಿ ಹೊರಬಂತು. ಅದರ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಂಪ್ರದಾಯ ಮಾತ್ರ ಅದನ್ನು ಮೌರ್ಯರೊಡನೆ ಜೋಡಿಸುತ್ತದೆ. ಮೌರ್ಯರ ಆಳ್ವಿಕೆಯ ಕೈ ಭೀಮೆಯ ದಡದವರೆಗೂ ಚಾಚಿತ್ತೆಂಬುದಕ್ಕೆ ಚಿತ್ತಾಪುರ ಸೀಮೆಯ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನಗಳೇ ಸಾಕ್ಷಿ.

ಆ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯನ್ನು ಕುರಿತ ಒಂದು ಪ್ರಕರಣವಿದೆ. ದೊಡ್ಡ ಹೊಳೆಗಳಲ್ಲಿ ದೊಡ್ಡ ನಾವೆ. ಅದಕ್ಕೆ ಒಬ್ಬ ನಾಯಕ, ಚುಕ್ಕಾಣಿ ಹಿಡಿಯುವವನು, ಹಗ್ಗ ಹಿಡಿಯುವವನು, ಒಳಗೆ ಬಂದ ನೀರನ್ನು ಮೊಗೆದು ಚೆಲ್ಲುವವನು. ಮಳೆಗಾಲದಲ್ಲಷ್ಟೇ ಹರಿಯುವ ಚಿಕ್ಕ ಹೊಳೆಗಳಿಗೆ ಚಿಕ್ಕ ನಾವೆಗಳು. ಮುಲ್ಲಾಮಾರಿಯಂಥ ಹೊಳೆಯನ್ನೂ ಶಾಸ್ತ್ರಕಾರ ಮರೆತಿರಲಿಲ್ಲವೆನ್ನೋಣ. ಹೊತ್ತಲ್ಲದ ಹೊತ್ತಿನಲ್ಲಿ, ಕಡವಲ್ಲದ ಕಡೆಯಲ್ಲಿ ದಾಟುವವನಿಗೆ ದಂಡ. ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರು ಮೊದಲಾದವರಿಗೆ ದಾಟುವ ಕೂಲಿಯಿಲ್ಲ. ಆಳು ಸಾಲದೆ, ಸಲಕರಣೆ ಸಾಲದೆ, ದುರಸ್ತಿಯಿಲ್ಲದೆ ನಾವೆ ಮುಳುಗಿದರೆ ಆದ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕು. ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ಅಂಬಿಗರ ತಪ್ಪಿನಿಂದ ಕೆಟ್ಟದ್ದನ್ನು ಅಂಬಿಗರೆಲ್ಲ ಸೇರಿ ಕೊಡಬೇಕು, ದೈವದಿಂದ ಆದದ್ದಕ್ಕೆ ದಂಡವಿಲ್ಲ. ಕಾಲ, ಸ್ಥಳ, ನಾವೆಯ ಯೋಗ್ಯತೆ, ದುರ್ಬಲರಿಗೆ ಮೊದಲ ಮನ್ನಣೆ, ತಪ್ಪಿಗೆ ಹೊಣೆ—ಜಲಯಾನದ ಸುರಕ್ಷತೆಯನ್ನು ಕುರಿತು ಇಂದು ಹೇಳಬೇಕಾದ ಮುಖ್ಯಾಂಶಗಳೆಲ್ಲ ಅಲ್ಲಿವೆ. ಮನುಷ್ಯನ ತಪ್ಪನ್ನು ವಿಧಿಯ ತಲೆಗೆ ಕಟ್ಟಬಾರದೆಂಬ ವಿವೇಕವೂ ಇದೆ.

ಹಾಗಾದರೆ ಈ ವಿದ್ಯೆ ಹೋದದ್ದು ಹೇಗೆ? ಸೇತುವೆಗಳಿಂದ. ಇದು ಸೇತುವೆಗಳ ನಿಂದೆಯಲ್ಲ. ಮುಂಬಯಿ ಕಡೆಯ ಹಾಗೂ ಮದರಾಸು ಕಡೆಯ ರೈಲುದಾರಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಭೀಮೆಯೂ ಕೃಷ್ಣೆಯೂ ಕಬ್ಬಿಣದ ಸೇತುವೆಯ ಕೆಳಗಾದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಹೊರಟು ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಓಡತೊಡಗಿತು. ರಸ್ತೆಯ ಸೇತುವೆಗಳು ಒಂದೊಂದಾಗಿ ಬಂದವು. ಮಳೆಗಾಲದಲ್ಲಿ ವಾರಗಟ್ಟಲೆ ಆಚೆಯ ದಡದಲ್ಲಿ ಸಿಕ್ಕಿಬೀಳುವ ಕಷ್ಟ ತಪ್ಪಿತು. ಎಷ್ಟೋ ಜೀವಗಳು ಉಳಿದವು. ಆದರೆ ಹೊಳೆಯ ಮೇಲೆ ಹೋಗುವವನು ಹೊಳೆಯೊಳಗೆ ಹೋಗುವುದನ್ನು ಮರೆತ. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ, ಹರಿಗೋಲಿನಲ್ಲಿ ಹೇಗೆ ಕೂರಬೇಕೆಂದು ಅಜ್ಜಿ ಮೊಮ್ಮಗಳಿಗೆ ಹೇಳುವ ಸಂದರ್ಭವೇ ನಿಂತುಹೋಯಿತು. ಆಮೇಲೆ ಜಲಾಶಯಗಳು ಬಂದವು. ಬೇಕಾದ ನಾವೆ ಹೋಗಿ, ಮೋಜಿನ ನಾವೆ ಬಂತು. ಅರಸನ ಜಲಕ್ರೀಡೆ ಎಲ್ಲರ ಪಾಲಿಗೂ ದೊರೆತದ್ದು ಪ್ರಜಾಪ್ರಭುತ್ವಕ್ಕೆ ತಕ್ಕದ್ದೇ. ಆದರೆ ಹೊಳೆದಂಡೆಯ ಶಿಸ್ತು ಅದರ ಬೆನ್ನ ಹಿಂದೆ ಬರಲಿಲ್ಲ.

ಅದರ ಬೆಲೆಯನ್ನು ನಾವು ತೆತ್ತಿದ್ದೇವೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗರ ದೋಣಿ ಮಗುಚಿ 45 ಜನ ತೀರಿಕೊಂಡರು. ದೋಣಿಯ ರಚನೆಯ ದೋಷದೊಡನೆ, ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದದ್ದೂ ಆಗ ಚರ್ಚೆಗೆ ಬಂತು. 2023ರ ಮೇ 7ರಂದು ಅದೇ ರಾಜ್ಯದ ತಾನೂರಿನಲ್ಲಿ 22 ಜನ ಹೋದರು. ಮೀನುಗಾರಿಕೆಯ ದೋಣಿಯನ್ನು ವಿಹಾರದ ದೋಣಿಯಾಗಿ ಮಾರ್ಪಡಿಸಲಾಗಿತ್ತು, ಜನ ಹೆಚ್ಚಾಗಿದ್ದರು, ಹೊತ್ತು ಮೀರಿತ್ತು. ಹೊತ್ತಲ್ಲದ ಹೊತ್ತು, ಯೋಗ್ಯವಲ್ಲದ ನಾವೆ—ಅರ್ಥಶಾಸ್ತ್ರ ದಂಡ ವಿಧಿಸಿದ ಅಪರಾಧಗಳೇ ಇವು.

ನಮ್ಮ ಮನೆಯ ಕಥೆಯೂ ಬೇರೆಯಲ್ಲ. ರಾಯಚೂರು ಜಿಲ್ಲೆಯ ಕುರ್ವಕಲಾ ಕಡೆ ನಡುಗಡ್ಡೆಯ ಜನಕ್ಕೆ ಹರಿಗೋಲು ಇಂದಿಗೂ ಮೋಜಲ್ಲ, ಅನಿವಾರ್ಯ. 2020ರ ಆಗಸ್ಟಿನಲ್ಲಿ ತುಂಬಿದ ಕೃಷ್ಣೆಯಲ್ಲಿ ಅಲ್ಲಿಯ ತೆಪ್ಪವೊಂದು ಮಗುಚಿ ನಾಲ್ವರು ಹೋದರು. ಬದುಕಿನ ಕೆಲಸಕ್ಕೆ ಹೊರಟಿದ್ದವರು ಅವರು. ಅದಕ್ಕೂ ಮೊದಲು, 2019ರ ಜನವರಿ 21ರಂದು, ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಜನ ತೀರಿಕೊಂಡರು. ಅಳತೆ ಮೀರಿ ಜನ ಹತ್ತಿದ್ದರೆಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ಜನವರಿ 21 ಕರ್ನಾಟಕ ಸರ್ಕಾರ ಅಂಬಿಗರ ಚೌಡಯ್ಯನ ಜಯಂತಿಯನ್ನು ಆಚರಿಸುವ ದಿನ. ಊರೂರಿನ ಸಭೆಗಳಲ್ಲಿ ಅಂಬಿಗನ ಭಾವಚಿತ್ರಕ್ಕೆ ಹಾರ ಬಿದ್ದ ದಿನವೇ ಅಂಬಿಗನ ಮೊದಲ ಪಾಠ ಮರೆತು ಹದಿನಾರು ಜೀವಗಳು ಹೋದವು. ಇದಕ್ಕಿಂತ ಹೆಚ್ಚಿಗೆ ಹೇಳುವುದು ಬೇಡ.

ಕಾನೂನು ಸುಮ್ಮನೆ ಕುಳಿತಿಲ್ಲ. 1917ರ ಹಳೆಯ ಶಾಸನದ ಜಾಗದಲ್ಲಿ ಒಳನಾಡಿನ ನಾವೆಗಳನ್ನು ಕುರಿತ ಹೊಸ ಅಧಿನಿಯಮ 2021ರಲ್ಲಿ ಬಂದಿದೆ. ಯಂತ್ರದ ನಾವೆಗಳ ತಪಾಸಣೆ, ನೋಂದಣಿ, ಜೀವರಕ್ಷಕ ಸಲಕರಣೆ ಇವೆಲ್ಲ ಅದರಲ್ಲಿವೆ. ಯಂತ್ರವಿಲ್ಲದ ನಾವೆಗಳನ್ನು ಸ್ಥಳೀಯವಾಗಿ ದಾಖಲೆ ಮಾಡಿಸುವ ಏರ್ಪಾಡಿಗೂ ಅವಕಾಶವಿದೆ. ಆದರೆ ಚಂದ್ರಂಪಳ್ಳಿಯಂಥ ಒಂಟಿ ನೀರಿನ ದಡದಲ್ಲಿ, ಭಾನುವಾರದ ಸಂಜೆ, ಹತ್ತು ಜನದ ದೋಣಿಗೆ ಹದಿನೈದು ಜನ ಹತ್ತುವಾಗ ಕಾನೂನು ದೂರದಲ್ಲಿರುತ್ತದೆ. ಅಲ್ಲಿ ಇರುವವರು ನಾವು ಮತ್ತು ಅಂಬಿಗ. “ಅಡ್ಡಿಯಿಲ್ಲ ಬಿಡಪ್ಪಾ, ಸಂಸಾರ ಒಟ್ಟಿಗೇ ಬರಬೇಕು” ಎಂದು ನಾವು ಅವನನ್ನು ಒತ್ತಾಯಿಸುತ್ತೇವೆ. ಎರಡು ಕಾಸು ಹೆಚ್ಚಿಗೆ ತೋರಿಸುತ್ತೇವೆ. ಅವನು ಬಡವ, ಒಪ್ಪಿಬಿಡುತ್ತಾನೆ. ಅನಾಹುತವಾದ ಮೇಲೆ ತಪ್ಪೆಲ್ಲ ಅವನದು. ಬೇಡವೆಂದ ಅಂಬಿಗನಿಗೆ ನಮಸ್ಕಾರ ಮಾಡಿ ಮರುಸರದಿಗೆ ಕಾಯುವುದು ಸೌಜನ್ಯ, ಸುರಕ್ಷತೆಯೂ ಅದೇ. ನೀರಿನ ಮೇಲೆ ಈ ಎರಡು ಗುಣಗಳನ್ನು ಬೇರೆ ಮಾಡಲು ಬರುವುದಿಲ್ಲ.

ಇದನ್ನು ಇನ್ನಷ್ಟು ಬಿಡಿಸಿ ನೋಡಬಹುದು. ಹತ್ತುವಾಗ ಅಂಚಿನ ಮೇಲೆ ಕಾಲಿಡದೆ ನಡುವೆ ಕಾಲಿಟ್ಟು ಕೂಡಲೆ ಕುಳಿತುಕೊಳ್ಳುವುದು ಉಳಿದವರಿಗೆ ತೋರುವ ಮರ್ಯಾದೆ. ಚಿತ್ರ ತೆಗೆಸಿಕೊಳ್ಳುವುದಕ್ಕೆಂದು ಎದ್ದು ಜಾಗ ಬದಲಿಸುವುದು, ಹೆಂಗಸರನ್ನೂ ಮಕ್ಕಳನ್ನೂ ಹೆದರಿಸುವುದಕ್ಕೆಂದು ದೋಣಿಯನ್ನು ಅಲ್ಲಾಡಿಸುವುದು ಅಮರ್ಯಾದೆ, ಅಪಾಯವೂ ಹೌದು. ಜೀವರಕ್ಷಕ ಅಂಗಿಯನ್ನು ಸೆಕೆಯೆಂದು ಬಿಚ್ಚಿ ದಿಂಬು ಮಾಡಿಕೊಳ್ಳುವವರುಂಟು. ಈಜು ಬಾರದವನನ್ನು ಮಾತ್ರವಲ್ಲ, ಹಠಾತ್ತನೆ ಬಿದ್ದು ದಿಗಿಲುಗೊಂಡ ಈಜುಗಾರನನ್ನೂ ಮುಖ ಮೇಲಾಗಿ ತೇಲಿಸಿ ಹಿಡಿಯುವುದು ಅದರ ಕೆಲಸ. ಪಟ್ಟಿಗಳನ್ನು ಬಿಗಿದಿದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ. ಕುಡಿದವನನ್ನು ಅಂಬಿಗ ಹತ್ತಿಸಬಾರದು. ಹತ್ತಿಸಲೇಬೇಕೆಂದು ಅವನ ಗೆಳೆಯರು ಜಗಳವಾಡಬಾರದು.

ನೀರಿನ ಮೇಲಿರುವ ಇತರರ ಮಾತೂ ಉಂಟು. ಜಲಾಶಯವೆಂಬುದು ವಿಹಾರಕ್ಕೆ ಬಂದವರ ಸ್ವತ್ತಲ್ಲ. ಬೆಳಗಿನಿಂದ ಬಲೆ ಹಾಕಿ ಕಾದವನ ಬಲೆಯ ಮೇಲೆ ಯಂತ್ರದ ದೋಣಿ ಹಾಯಿಸಿದರೆ ಅವನ ದಿನದ ಅನ್ನ ಹೋಯಿತು. ವೇಗವಾಗಿ ಹೋದ ದೋಣಿಯ ಹಿಂದೆ ಏಳುವ ತೆರೆ ಚಿಕ್ಕ ಹರಿಗೋಲನ್ನು ಮಗುಚಬಲ್ಲದು. 1972ರಲ್ಲಿ ಒಪ್ಪಿತವಾದ ಸಮುದ್ರಯಾನದ ಅಂತರರಾಷ್ಟ್ರೀಯ ನಿಯಮಗಳು, ಯಂತ್ರದ ನಾವೆ ಮೀನು ಹಿಡಿಯುತ್ತಿರುವ ನಾವೆಗೂ ಹಾಯಿಯ ನಾವೆಗೂ ದಾರಿ ಬಿಡಬೇಕೆನ್ನುತ್ತವೆ. ಬಲವುಳ್ಳವನು ಬಲವಿಲ್ಲದವನಿಗೆ ದಾರಿ ಬಿಡಬೇಕೆಂಬುದೇ ಅದರ ತಿರುಳು. ಇನ್ನೊಂದು ಸ್ವಾರಸ್ಯ: ಯಂತ್ರದ ನಾವೆಗಳೆರಡು ಎದುರೆದುರು ಬಂದಾಗ ಎರಡೂ ಬಲಕ್ಕೆ ಸರಿಯಬೇಕು. ರಸ್ತೆಯಲ್ಲಿ ಎಡಕ್ಕೆ ಸರಿದು ರೂಢಿಯಾದ ನಮಗೆ ನೀರಿನ ನಡವಳಿಕೆಯೇ ಬೇರೆಯೆಂಬುದಕ್ಕೆ ಇದೊಂದು ಗುರುತು.

ಒಳ್ಳೆಯ ಮಾದರಿಗೆ ದೂರ ಹೋಗಬೇಕಾಗಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾದ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿಯನ್ನು ಹುಟ್ಟು ಹಾಕಿಯೇ ನಡೆಸುತ್ತಾರೆ. ಹಕ್ಕಿಯ ಗೂಡಿನ ಹತ್ತಿರ ಅಂಬಿಗನ ದನಿಯೂ ತಗ್ಗುತ್ತದೆ. ಮೇಲಿನ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ವಿಹಾರವನ್ನೇ ನಿಲ್ಲಿಸುತ್ತಾರೆ. ಹಂಪೆಯ ಹರಿಗೋಲುಗಳೂ ತುಂಗಭದ್ರೆ ಉಕ್ಕಿದಾಗ ದಡ ಸೇರುತ್ತವೆ. ದೂರದಿಂದ ಬಂದವರಿಗೆ ಬೇಸರವಾಗುತ್ತದೆ, ನಿಜ. ಆದರೆ ದೋಣಿ ಬಿಡದ ದಿನವೂ ಅಂಬಿಗನ ಕೆಲಸದ ದಿನವೇ. ಬೇಡವೆನ್ನುವುದೂ ಅವನ ವಿದ್ಯೆಯ ಭಾಗ.

ಮೋಜಿನ ದೋಣಿಗೆ ಇಷ್ಟೆಲ್ಲ ಶಾಸ್ತ್ರವೇಕೆಂದು ಕೇಳಬಹುದು. ನಮ್ಮ ಸೀಮೆಗೆ ಅದರಿಂದ ಒಂದು ದೊಡ್ಡ ಪ್ರಯೋಜನವಿದೆ. 2020ರ ಅಕ್ಟೋಬರಿನಲ್ಲಿ ಭೀಮೆಯೂ ಕಾಗಿಣೆಯೂ ಉಕ್ಕಿದಾಗ, ವರ್ಷಗಟ್ಟಲೆ ನೀರನ್ನೇ ಕಾಣದ ಊರುಗಳ ಜನರನ್ನು ರಕ್ಷಣಾದಳದವರು ದೋಣಿಗಳಲ್ಲಿ ಸಾಗಿಸಬೇಕಾಯಿತು. ಕತ್ತಲಲ್ಲಿ, ಸುರಿವ ಮಳೆಯಲ್ಲಿ, ಹರಿವ ನೀರಿನಲ್ಲಿ ಮೊದಲ ಸಲ ದೋಣಿ ಹತ್ತುವವನು ಗಾಬರಿಯಿಂದ ಎದ್ದು ನಿಂತರೆ ಉಳಿಸಲು ಬಂದವರೂ ಅಪಾಯಕ್ಕೆ ಸಿಕ್ಕುತ್ತಾರೆ. ಅಜ್ಜಿಯರು ಕಡವಿನಲ್ಲಿ ಕಲಿಸುತ್ತಿದ್ದ ಪಾಠವನ್ನು ಈಗಿನ ಮಕ್ಕಳು ಕಲಿಯಬಹುದಾದ ಜಾಗ ಇದೊಂದೇ, ಜಲಾಶಯದ ವಿಹಾರ. ಅಲ್ಲಿ ಕುಳಿತುಕೊಳ್ಳುವುದನ್ನು, ಕಾಯುವುದನ್ನು, ಹೇಳಿದ ಮಾತು ಕೇಳುವುದನ್ನು ಕಲಿತ ಹುಡುಗ ನಾಳೆ ನೆರೆ ಬಂದ ರಾತ್ರಿ ತನ್ನ ಓಣಿಯವರನ್ನು ಸುಮ್ಮನೆ ಕೂರಿಸಬಲ್ಲ.

ಕೊನೆಗೆ ಒಂದು ಪದದ ಮಾತು. ಮರ್ಯಾದೆ ಎಂಬ ಮಾತನ್ನು ನಾವು ಈಗ ಗೌರವವೆಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಎಲ್ಲೆ, ಗಡಿ. ಸಮುದ್ರಕ್ಕೆ ಹೇಳಿದಾಗ ದಡ. ದಡವನ್ನು ಮೀರದಿರುವುದೇ ನೀರಿನ ಮರ್ಯಾದೆ. ನಾವೆಗೆ ಎಷ್ಟು ಜನವೆಂಬ ಎಲ್ಲೆಯನ್ನು, ಎಷ್ಟು ಹೊತ್ತಿನವರೆಗೆಂಬ ಎಲ್ಲೆಯನ್ನು, ಅಂಬಿಗನ ಮಾತೆಂಬ ಎಲ್ಲೆಯನ್ನು ಮೀರದಿರುವುದು ಮನುಷ್ಯನ ಮರ್ಯಾದೆ. ಹೊಳೆ ತನ್ನ ಮರ್ಯಾದೆಯನ್ನು ವರ್ಷಕ್ಕೊಮ್ಮೆ ಮೀರೀತು. ಅದಕ್ಕೆ ಯಾರೂ ಬುದ್ಧಿ ಹೇಳಲಾರರು. ನಮ್ಮದು ನಮ್ಮ ಕೈಯಲ್ಲಿದೆ.